ಶಾಸಕರೇ, ಈ 23 ಮಕ್ಕಳ ದುಡ್ಡಿಗೆ ಕತ್ತರಿ ಹಾಕಬೇಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಬ್ಯಾಡಗಿ ಹತ್ತಿರದ ಊರಿನವಳು. ಶಾಲೆ ಬಿಟ್ಟ ಮಕ್ಕಳ ವಿಶೇಷ ತರಬೇತಿ ಕೇಂದ್ರದಲ್ಲಿ ನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಗೌರವಧನ ಎಷ್ಟು ಅಂತ ಬರೆಯುವುದಿಲ್ಲ, ನಿಮಗೇ ನಾಚಿಕೆ ಆದೀತು. ಮುಂದಿನ ವರ್ಷ ಅನುದಾನ ಕಡಿಮೆ, ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಿಬಿಡಿ ಅಂತ ಮೇಲಿನಿಂದ ಹೇಳಿದ್ದಾರೆ.

ಸೇರಿಸೋದೇನು, ಹೆಸರು ಬರೆದರೆ ಆಯ್ತು. ನಾಳೆ ಆ ಮಗು ಬರಬೇಕಲ್ಲ?

ನಮ್ಮಲ್ಲಿ 12 ವರ್ಷದ ಒಬ್ಬಳಿದ್ದಾಳೆ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗ್ತಾಳೆ, ಕಿಲೋಕ್ಕಿಷ್ಟು ಅಂತ ಕೂಲಿ. ಮೊದಲು ತಮ್ಮನನ್ನು ನೋಡಿಕೊಳ್ಳಲು ಅಂತ ಇವಳು ಜೊತೆಗೆ ಹೋದಳು, ಆಮೇಲೆ ತಾನೂ ಅವ್ವನ ಪಕ್ಕ ಕೂತಳು, ಹಾಗೇ ಎರಡು ವರ್ಷ ಕಳೆಯಿತು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರು, ಖಾರ ಕಡಿಮೆ ಅಂತಾರೆ. ದಿನವಿಡೀ ತೊಟ್ಟು ಬಿಡಿಸಿದವರನ್ನು ಕೇಳಿ ನೋಡಿ. ನಮ್ಮಲ್ಲಿಗೆ ಬಂದ ಹೊಸದರಲ್ಲಿ ಅವಳು ಮರೆತು ಕಣ್ಣುಜ್ಜಿಕೊಂಡರೆ ಅರ್ಧ ಗಂಟೆ ಪಾಠ ಬಂದ್. ಹದಿನೇಳು ಕಿಲೋದ ಕೂಲಿ ಎಷ್ಟು ಅಂದರೆ ನನಗಿಂತ ಮೊದಲು ಬಾಯಲ್ಲೇ ಹೇಳ್ತಾಳೆ, ಆದರೆ ಒತ್ತಕ್ಷರ ಬಂದರೆ ಅಲ್ಲೇ ನಿಂತುಬಿಡ್ತಾಳೆ. ಒಮ್ಮೆ ಅವಳನ್ನು ನೇರವಾಗಿ ಏಳನೇ ಕ್ಲಾಸಿಗೆ ಕೂರಿಸಿದ್ದರು. ಮೂರನೇ ದಿನವೇ ವಾಪಸ್. "ಓದಾಕ ಎಬ್ಬಿಸಿದ್ರ ಎಲ್ಲಾರೂ ನಗತಾರ್ರೀ ಅಕ್ಕೋರ" ಅಂದಳು.

ಇಂಥವರಿಗಾಗಿಯೇ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 4ನೇ ಸೆಕ್ಷನ್ ಇದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಿ, 14 ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತವಾಗಿ ಓದಿಸಿ ಅನ್ನುತ್ತದೆ. ಅಂದರೆ ಇದು ಮಕ್ಕಳ ಹಕ್ಕು, ಯಾರೋ ಕೊಡುವ ದಾನ ಅಲ್ಲ. ನೀವೀಗ ಮೊದಲ ಅರ್ಧ ಮಾತ್ರ ಓದಿ ಪುಸ್ತಕ ಮುಚ್ಚಿದಂತಿದೆ.

ಮೊದಲು ಬಾಲಕಾರ್ಮಿಕ ಮಕ್ಕಳಿಗೆ ಅಂತಲೇ ಕೇಂದ್ರ ಸರ್ಕಾರದ್ದೊಂದು ಯೋಜನೆ ಇತ್ತು, 1988ರಿಂದ. ಕೊನೆಯ ವರ್ಷಗಳಲ್ಲಿ ಮಗುವಿಗೆ ತಿಂಗಳಿಗೆ 400 ರೂಪಾಯಿ ಕೂಡ ಸಿಗುತ್ತಿತ್ತು. 2021ರಲ್ಲಿ ಅದನ್ನು ಸಮಗ್ರ ಶಿಕ್ಷಣ ಅನ್ನುವ ಶಾಲಾ ಯೋಜನೆಗೆ ಸೇರಿಸಿದರು. ಅದರ ಖರ್ಚಿನಲ್ಲಿ ಕೇಂದ್ರ ಸರ್ಕಾರದ ಪಾಲು ಶೇ. 60, ರಾಜ್ಯದ್ದು ಶೇ. 40. ದುಡ್ಡು ಕೇಳಿದರೆ ಇವರು ಅವರ ಕಡೆ ಬೊಟ್ಟು ಮಾಡ್ತಾರೆ, ಅವರು ಇವರ ಕಡೆ. ಅದನ್ನು ನೀವು ನೀವೇ ಬಗೆಹರಿಸಿಕೊಳ್ಳಿ. ನಮಗೆ ಬೇಕಾಗಿರುವುದು 23 ಮಕ್ಕಳಿಗೆ ಒಬ್ಬ ಟೀಚರ್, ಮಧ್ಯಾಹ್ನದ ಊಟ, ಒಂದು ಕೋಣೆ.

ಸದನದಲ್ಲಿ ಈ ಮಾತು ಎತ್ತಿ. ಅದಕ್ಕೂ ಮೊದಲು ಒಮ್ಮೆ ನಮ್ಮಲ್ಲಿಗೆ ಬನ್ನಿ, ಹಾರ ತುರಾಯಿ ಏನೂ ಇರುವುದಿಲ್ಲ. ಸೋಮವಾರವೋ ಗುರುವಾರವೋ ಬನ್ನಿ. ಸೀಸನ್‌ನಲ್ಲಿ ಆ ದಿನ ಮಾರ್ಕೆಟ್ ಜೋರು, ಯಾರ್ಯಾರು ಬಂದಿಲ್ಲ ಅಂತ ನಾವು ಮನೆಮನೆಗೆ ಹುಡುಕಿಕೊಂಡು ಹೋಗ್ತೇವೆ. ನೀವೂ ಜೊತೆಗೆ ಬರಬಹುದು.

ಇಂತಿ,
ಕೇಂದ್ರದ ಅಕ್ಕೋರು, ಹಾವೇರಿ ಜಿಲ್ಲೆ