ಕೊಟ್ಟಿಗೆಗೆ ಕೊನೆಗೂ ಒಪ್ಪಿಗೆ ಸಿಕ್ಕಿತು

ಪ್ರೀತಿಯ ಗೆಳೆಯಾ,

ಒಪ್ಪಿಗೆ ಪತ್ರ ಬಂತು ಮಾರಾಯ! ಇಂಗ್ಲೆಂಡಿನ ಸ್ವೇಲ್‌ಡೇಲ್ ಕಣಿವೆಯಲ್ಲಿ ಪಾಳುಬಿದ್ದ ಒಂದು ರೈತರ ಮನೆ, ಪಕ್ಕದಲ್ಲಿ ಕಲ್ಲಿನ ಕೊಟ್ಟಿಗೆ, ಅದನ್ನು ಮತ್ತೆ ವಾಸಕ್ಕೆ ತರುವ ಕೆಲಸ ನನ್ನ ಕೈಯಲ್ಲಿದೆ ಅಂತ ಹೋದ ಸಲ ಊರಿಗೆ ಬಂದಾಗ ಹೇಳಿದ್ದೆನಲ್ಲ, ಅದಕ್ಕೆ. ಪತ್ರ ಓದಿ ಮುಗಿಸಿದ ಕೂಡಲೇ ನಿನಗೆ ಬರೆಯಲು ಕೂತೆ.

ಇಲ್ಲಿ ಜಾಗ ನಿನ್ನದೇ ಆದರೂ ಕಟ್ಟುವ ಹಕ್ಕು ಅದರ ಜೊತೆಗೆ ಬರುವುದಿಲ್ಲ. ಕಟ್ಟಡಕ್ಕೆ ಮೊದಲೇ ಒಪ್ಪಿಗೆ ಬೇಕೆನ್ನುವ 1947ರ ಯೋಜನಾ ಕಾಯ್ದೆಯಿಂದ ಹೀಗೆ. ಸಾಲದ್ದಕ್ಕೆ ಈ ಕಣಿವೆ 1954ರಲ್ಲಿ ಘೋಷಣೆಯಾದ ಯಾರ್ಕ್‌ಶೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದೊಳಗಿದೆ. ನಾಗರಹೊಳೆಯಂಥ ಕಾಡು ಅಂದುಕೊಳ್ಳಬೇಡ. ಕುರಿ, ಹುಲ್ಲುಗಾವಲು, ಊರು ಎಲ್ಲ ಇರುವ ಸೀಮೆ. ಜನ ಕೈಯಾರೆ ಪೇರಿಸಿದ ಕಲ್ಲುಗೋಡೆಗಳೂ ಕಾಪಾಡಬೇಕಾದ ಆಸ್ತಿಯೇ.

ನನ್ನ ಮೊದಲ ನಕ್ಷೆ ತಪ್ಪಾಗಿತ್ತು. ದೊಡ್ಡ ಗಾಜಿನ ಗೋಡೆ, ಮಾಡಿನಲ್ಲಿ ಆರು ಬೆಳಕಿಂಡಿ. ಅರ್ಜಿ ಹಾಕುವ ಮೊದಲೇ ಸಲಹೆ ಕೇಳಲು ಹೋದಾಗ ಅಧಿಕಾರಿಯೊಬ್ಬರು, "ಎದುರಿನ ಗುಡ್ಡ ಹತ್ತಿ ಒಮ್ಮೆ ನೋಡಿ ಬನ್ನಿ" ಅಂದರು. ಹತ್ತಿದೆ. ಬಯಲು ತುಂಬಾ ಅಲ್ಲೊಂದು ಇಲ್ಲೊಂದು ಒಂಟಿ ಕೊಟ್ಟಿಗೆ. ಮೇಲೆ ಹುಲ್ಲಿನ ಅಟ್ಟ, ಕೆಳಗೆ ದನ. ಚಳಿಗಾಲ ಪೂರ್ತಿ ದನ ಅಲ್ಲೇ ಇದ್ದು, ಗೊಬ್ಬರ ಹುಲ್ಲು ಬೆಳೆದ ಅದೇ ಬಯಲಿಗೆ ವಾಪಸು. ನಿಮ್ಮಜ್ಜ ಕೊಟ್ಟಿಗೆ ಕಟ್ಟಿದ್ದೂ ಇದೇ ಲೆಕ್ಕದಲ್ಲಿ ಅಲ್ಲವಾ? ಅವತ್ತೇ ನಕ್ಷೆ ಬದಿಗಿಟ್ಟೆ.

ಆಮೇಲೆ ಬಾವಲಿ. ಇಲ್ಲಿಯ ಪಿಪಿಸ್ಟ್ರೆಲ್ ಅನ್ನುವ ಜಾತಿ ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಪುಟ್ಟದು, ತೂಕ ಸುಮಾರು 5 ಗ್ರಾಂ. ಅದರ ನೆಲೆ ಕೆಡಿಸಿದರೆ ಅಪರಾಧ. ಮಾಡಿನೊಳಗೆ ಎಷ್ಟಿವೆ ಅಂತ ತಿಳಿಯಲು ಸಂಜೆ ಹೊರಬರುವಾಗ ಎಣಿಸಬೇಕು, ಅದಕ್ಕೆ ಬೇಸಿಗೆಯೇ ಆಗಬೇಕು. ನಾವು ಹೋದದ್ದು ಅಕ್ಟೋಬರಿನಲ್ಲಿ. ಮುಂದಿನ ಬೇಸಿಗೆವರೆಗೆ ಕಾದೆವು. ಜೂನಿನಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂವರೆ ದಾಟಿದ ಮೇಲೆ. ಸ್ವೆಟರ್ ಹಾಕಿಕೊಂಡು ಅಂಗಳದಲ್ಲಿ ಕೂತಿದ್ದೆವು. ಚಪ್ಪಡಿ ಸಂದಿಯಿಂದ ಒಂದು ಜಾರಿ ಬಂತು, ಹಿಂದೆಯೇ ಇನ್ನೊಂದು, ಆಮೇಲೆ ಸಾಲುಸಾಲು. ಹೆತ್ತ ತಾಯಂದಿರ ಗುಂಪು ಅಂತ ಎಣಿಸುವವರು ಪಿಸುಗುಟ್ಟಿದರು. ಕಾದದ್ದು ವ್ಯರ್ಥ ಅಂತ ನನಗೆ ಆಮೇಲೆ ಒಮ್ಮೆಯೂ ಅನಿಸಲಿಲ್ಲ.

ಈಗಿನ ನಕ್ಷೆಯಲ್ಲಿ ಮಾಡಿನ ಎತ್ತರ ಒಂದಿಂಚೂ ಏರಿಲ್ಲ. ಗೋಡೆಗೆ ಸಿಮೆಂಟಿಲ್ಲ, ಸುಣ್ಣದ ಗಾರೆ. ಚಳಿ ತಡೆಯಲು ಒಳಗೆ ಕುರಿಯ ಉಣ್ಣೆ, ಬೆಚ್ಚಗಿಡಲು ಮಣ್ಣಿನ ಶಾಖ ಎಳೆಯುವ ಪಂಪು. ಆರೂ ಬೆಳಕಿಂಡಿ ಹೋದವು. ರಾತ್ರಿ ಬೆಳಕು ಮೇಲಕ್ಕೆ ಸೋರಬಾರದಲ್ಲ, 2020ರಿಂದ ಇಲ್ಲಿಯ ಆಕಾಶಕ್ಕೂ ಕತ್ತಲೆಯ ರಕ್ಷಣೆಯಿದೆ. ಅಟ್ಟದ ಒಂದು ಮೂಲೆ ಬಾವಲಿಗಳಿಗೇ. ಮರಿಗಳು ಹಾರಿಹೋದ ಮೇಲೆ, ಪರವಾನಗಿ ಪಡೆದು, ಮಾಡಿನ ಕೆಲಸ.

ನೀನು ಫೋನಿನಲ್ಲಿ, ಮಳೆ ನಿಂತ ಕೂಡಲೇ ಹಳೇ ಕೊಟ್ಟಿಗೆ ಕೆಡವಿಸುತ್ತೇನೆ ಅಂದಿದ್ದೆ. ಜೆಸಿಬಿಯವನಿಗೆ ಹೇಳುವ ಮುಂಚೆ ಒಂದು ಮುಸ್ಸಂಜೆ ಅಂಗಳದಲ್ಲಿ ಕೂರು. ಹೆಂಚಿನ ಸಂದಿಯಿಂದ ಏನೇನು ಹೊರಬಂತು ಅಂತ ನನಗೆ ಬರೆ. ತೊಲೆಗಳ ಫೋಟೋವನ್ನೂ ಕಳಿಸು, ಯಾವುದು ಉಳಿಯುತ್ತದೆ ನೋಡಿ ಹೇಳುತ್ತೇನೆ.

ನಿನ್ನವ