ನಾಲ್ಕನೇ ತರಗತಿಗೂ ಬಣ್ಣ ಬೇಕು

ಮಾನ್ಯರೇ,

ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ನಲಿಕಲಿ ಕೋಣೆಯಲ್ಲಿರುವ ಕಳೆ, ಮಕ್ಕಳು ನಾಲ್ಕನೇ ತರಗತಿಗೆ ಬಂದ ಕೂಡಲೇ ಮಾಯವಾಗಿಬಿಡುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ, ಮೂರನೇ ತರಗತಿವರೆಗೆ ಮಕ್ಕಳ ಕೈಗೆಟುಕುವ ಗೋಡೆ ಹಲಗೆ, ತಲೆ ಮೇಲೆ ಅವರೇ ಬರೆದ ಚಿತ್ರಗಳ ಚಪ್ಪರ ಇರುತ್ತದೆ. ಮೊನ್ನೆ ನಮ್ಮೂರ ಶಾಲೆಗೆ ಹೋಗಿದ್ದೆ. ನಾಲ್ಕನೇ ತರಗತಿಯ ಕಿಟಕಿಗೆ ಬೀರು ಅಡ್ಡ ನಿಂತಿತ್ತು. ಕಪ್ಪು ಹಲಗೆ ಬಿಳಿಚಿಕೊಂಡಿತ್ತು. ಹಿಂದಿನ ಸಾಲಿನ ಹುಡುಗಿ ಕಣ್ಣು ಕಿರಿದು ಮಾಡಿಕೊಂಡು ಬರೆಯುತ್ತಿದ್ದಳು. ಅಕ್ಷರವೇ ಕಾಣದಿದ್ದರೆ ಪಾಠ ತಲೆಗೆ ಹತ್ತುವುದು ಹೇಗೆ? ಒಂಬತ್ತು ವರ್ಷಕ್ಕೇ ಚಿತ್ರ ಸಾಕು ಅಂತ ಯಾರು ಹೇಳಿದರೋ! ಬೇಸಿಗೆ ರಜೆಯಲ್ಲಿ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು ಬೀರು ಸರಿಸಿ, ಗೋಡೆಗೆ ಸುಣ್ಣ, ಹಲಗೆಗೆ ಕಪ್ಪು ಬಣ್ಣ ಬಳಿಸಲಿ. ಹಾಗೇ ಚಪ್ಪರಕ್ಕೆ ನಾಲ್ಕು ದಾರವನ್ನೂ ಕಟ್ಟಿಸಲಿ.

– ಒಬ್ಬ ಪೋಷಕ, ಮೈಸೂರು ಜಿಲ್ಲೆ