ಧ್ಯಾನ್‌ಚಂದ್ ಮಗನನ್ನೂ ನೆನೆಯೋಣ

ಮಾನ್ಯರೇ,

ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನ ಬಂದರೆ ಶಾಲೆಗಳಲ್ಲಿ ಹಾಕಿ ದಿಗ್ಗಜ ಧ್ಯಾನ್‌ಚಂದ್ ಅವರ ಮೂರು ಒಲಿಂಪಿಕ್ ಚಿನ್ನದ ಬಗ್ಗೆ ಭಾಷಣ ಆಗುತ್ತದೆ. ಮಗ ಅಶೋಕ್ ಕುಮಾರ್ ಹೆಸರು ಬರುವುದೇ ಅಪರೂಪ. 1975ರ ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಗೆಲುವಿನ ಗೋಲು ಹೊಡೆದವರು ಅವರೇ. ಚೆಂಡು ಗೋಲಿನ ಮೂಲೆಗೆ ಬಡಿದು ಹೊರಕ್ಕೆ ಚಿಮ್ಮಿತ್ತು. ಎದುರಾಳಿಗಳು ತಕರಾರು ತೆಗೆದರೂ ಅಂಪೈರ್ ಗೋಲು ಕೊಟ್ಟರು. ಹಾಕಿಯಲ್ಲಿ ನಮ್ಮ ಮೊದಲ ವಿಶ್ವಕಪ್ ಅದು!

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಶೋಕ್ ಕುಮಾರ್ ಜೊತೆ ಕಂಚು ಗೆದ್ದ ವೇಸ್ ಪೇಸ್, ಟೆನಿಸ್‌ನ ಲಿಯಾಂಡರ್ ಅವರ ತಂದೆ. ಮಗನೂ 1996ರಲ್ಲಿ ಕಂಚು ತಂದರು. ಒಂದೇ ತಂಡದಲ್ಲಿ ಒಬ್ಬ ದಿಗ್ಗಜನ ಮಗ, ಇನ್ನೊಬ್ಬ ದಿಗ್ಗಜನ ಅಪ್ಪ. ಎಂಥ ಸೊಗಸು ಅಲ್ವಾ?

ಈ ಸಲ ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ಸುಮ್ನೆ ಭಾಷಣ ಬೇಡ. ಅಪ್ಪ–ಮಕ್ಕಳು ಜೊತೆಗೆ ಆಡುವ ಹಾಕಿ ಪಂದ್ಯ ಇಡಿ.

– ಹಾಕಿ ಅಭಿಮಾನಿ, ಹಾಸನ